ಊರ ದಾರಿಯಲ್ಲಿ ಕಾರು ಕೈಕೊಟ್ಟರೆ... ‘ರೋಡ್‌ಸೈಡ್ ಅಸಿಸ್ಟೆನ್ಸ್’ಗೆ ಹಣ ಕಟ್ಟಬೇಕೇ?

ಮುಂಬಯಿ: ಮೇ ತಿಂಗಳ ರಜೆ ಬಂತೆಂದರೆ ಮುಂಬಯಿ, ಠಾಣೆ, ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ ಶುರುವಾಗುತ್ತದೆ. ಮದುವೆ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶೋತ್ಸವ, ಕುಟುಂಬದ ದೈವದ ನೇಮ ಎಂದು ಕಾರಣ ಏನೇ ಇರಲಿ, ಊರಿಗೆ ಮುಖ ತೋರಿಸದೆ ನಮ್ಮವರಿಗೆ ಸಮಾಧಾನವಿಲ್ಲ. ಒಂದು ಕಾಲಕ್ಕೆ ಬಸ್ಸು, 1998ರ ನಂತರ ಕೊಂಕಣ ರೈಲು. ಈಗ ಸ್ವಂತ ಕಾರಿನಲ್ಲೇ ಹೊರಡುವ ಸಂಸಾರಗಳು ಬಹಳ. ಒಂಬೈನೂರು ಕಿಲೋಮೀಟರ್ ದಾರಿಗೆ ಚಕ್ಕುಲಿ, ನೀರು, ಔಷಧದ ಚೀಲ ಎಲ್ಲವೂ ಸಿದ್ಧವಾಗುತ್ತದೆ. ಕಾರು ನಡುದಾರಿಯಲ್ಲಿ ನಿಂತರೆ ಏನು ಎಂಬ ಯೋಚನೆ ಮಾತ್ರ ಕಾರು ನಿಂತ ಮೇಲೆಯೇ ಬರುತ್ತದೆ.

ಡೊಂಬಿವಲಿಯಲ್ಲಿ ನೆಲೆಸಿರುವ ಉಡುಪಿ ಕಡೆಯ ಒಂದು ಸಂಸಾರಕ್ಕೆ 2024ರ ಮೇ ತಿಂಗಳಲ್ಲಿ ಆದದ್ದೂ ಇದೇ. ಗಂಡ, ಹೆಂಡತಿ, ಮಗಳು ಮತ್ತು 76ರ ವಯಸ್ಸಿನ ಅಮ್ಮ ಒಂಬತ್ತು ವರ್ಷ ಹಳೆಯ ಕಾರಿನಲ್ಲಿ ಬೆಳಗ್ಗಿನ ಜಾವ ನಾಲ್ಕಕ್ಕೆ ಹೊರಟಿದ್ದರು. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಯಲ್ಲಾಪುರ ತಲುಪುವಾಗ ಕತ್ತಲಾಗಿತ್ತು. ಅಂಕೋಲದ ಕಡೆಗೆ ಅರಬೈಲು ಘಾಟಿ ಇಳಿಯುತ್ತಿದ್ದಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿತು, ಸ್ಟೇರಿಂಗ್ ಬಿಗಿಯಾಯಿತು, ಹೆಡ್‌ಲೈಟ್ ಮಂಕಾಯಿತು. ಆಲ್ಟರ್‌ನೇಟರ್‌ನ ಬೆಲ್ಟ್ ತುಂಡಾಗಿತ್ತು.

ಸುತ್ತ ಕಾಡು, ಮೊಬೈಲ್‌ಗೆ ನೆಟ್‌ವರ್ಕ್ ಇಲ್ಲ. ಅಮ್ಮನಿಗೆ ಮಧುಮೇಹ, ಊಟದ ಹೊತ್ತು ಮೀರುತ್ತಿತ್ತು. ಫೆಬ್ರವರಿಯಲ್ಲಿ ಪಾಲಿಸಿ ನವೀಕರಿಸುವಾಗ ಏಜೆಂಟರು ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಲೇ ಎಂದು ಕೇಳಿದ್ದರು. “ಬೇಡ, ಸುಮ್ಮನೆ ಖರ್ಚು” ಎಂದು ಬಿಡಿಸಿದವರು ಗಂಡನೇ. ಆ ಮಾತು ಘಾಟಿಯಲ್ಲಿ ಮತ್ತೆ ಎದ್ದಿತು. ಆಗ ಅಮ್ಮ, “ಮಗಾ, ದುಡ್ಡಿನ ಲೆಕ್ಕ ಮತ್ತೆ ಮಾಡುವ. ಮೊದಲು ಯಾರನ್ನಾದರೂ ನಿಲ್ಲಿಸು” ಎಂದರಂತೆ.

ಹುಬ್ಬಳ್ಳಿ ಕಡೆಗೆ ಹೋಗುತ್ತಿದ್ದ ಲಾರಿಯವರೊಬ್ಬರು ಯಲ್ಲಾಪುರದ ಗ್ಯಾರೇಜಿಗೆ ಸುದ್ದಿ ಮುಟ್ಟಿಸಿದರು. ಕ್ರೇನ್ ಬಂದಾಗ ರಾತ್ರಿ ಹನ್ನೊಂದು. ಅಷ್ಟರತನಕ ಬಾಳೆಹಣ್ಣು, ಬಿಸ್ಕತ್ತಿನಲ್ಲೇ ಅಮ್ಮ ಸುಧಾರಿಸಿಕೊಂಡರು. ಬೆಲ್ಟ್ ಮರುದಿನ ಹುಬ್ಬಳ್ಳಿಯಿಂದ ಬರಬೇಕಾಯಿತು. ಕ್ರೇನ್‌ಗೆ 5,500 ರೂ., ಲಾಡ್ಜ್‌ಗೆ 1,400, ಬೆಲ್ಟ್ ಮತ್ತು ಕೂಲಿಗೆ 1,600 ಎಂದು ಒಟ್ಟು 8,500 ರೂ. ಕೈಬಿಟ್ಟಿತು. ಮನೆಯ ನೇಮಕ್ಕೆ ಅವರು ತಲುಪುವಾಗ ಗಂಧಪ್ರಸಾದವೂ ಹಂಚಿ ಮುಗಿದಿತ್ತು.

ಪಾಲಿಸಿಯಲ್ಲಿ ಏನಿದೆ, ಏನಿಲ್ಲ?

“ಕಾರಿಗೆ ಫುಲ್ ಇನ್ಶೂರೆನ್ಸ್ ಇದೆಯಲ್ಲ” ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯವಾಗಿರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆ ಮಾತ್ರ. ಸ್ವಂತ ವಾಹನದ ಹಾನಿಯನ್ನೂ ಸೇರಿಸಿದ ಪಾಲಿಸಿ ಇದ್ದರೂ ಅದು ಅಪಘಾತ, ಕಳವು, ಬೆಂಕಿ, ನೆರೆ ಮುಂತಾದವಕ್ಕೆ. ಯಂತ್ರದ ಅಥವಾ ವಿದ್ಯುತ್ ಭಾಗದ ಕೆಡುವಿಕೆ, ಸವೆತ ಇದರಲ್ಲಿ ಸೇರುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಹತ್ತಿರದ ಗ್ಯಾರೇಜಿಗೆ ಸಾಗಿಸಲು ಖಾಸಗಿ ಕಾರಿನ ಸಾಮಾನ್ಯ ಪಾಲಿಸಿ ಕೊಡುವ 1,500 ರೂ. ತನಕದ ಮೊತ್ತವೂ ಅಪಘಾತವಾದರೆ ಮಾತ್ರ. ತುಂಡಾದ ಬೆಲ್ಟ್, ಸತ್ತ ಬ್ಯಾಟರಿಗೆ ಅದು ಉಪಯೋಗವಿಲ್ಲ.

ಈ ಕೊರತೆಯನ್ನು ತುಂಬುವುದೇ ರೋಡ್‌ಸೈಡ್ ಅಸಿಸ್ಟೆನ್ಸ್. ಫೋನ್ ಮಾಡಿದರೆ ಮೆಕ್ಯಾನಿಕ್ ಬಂದು ಬ್ಯಾಟರಿ ಜಂಪ್ ಸ್ಟಾರ್ಟ್ ಮಾಡುವುದು, ಸ್ಟೆಪ್ನಿ ಬದಲಿಸುವುದು, ಸಣ್ಣ ರಿಪೇರಿ, ಕೆಲವು ಲೀಟರ್ ಇಂಧನ ತಂದುಕೊಡುವುದು, ಆಗದಿದ್ದರೆ ಗಾಡಿಯನ್ನು ಗ್ಯಾರೇಜಿಗೆ ಎಳೆದೊಯ್ಯುವುದು ಇದರ ಕೆಲಸ. ಬಿಡಿಭಾಗದ ಬೆಲೆ, ಇಂಧನದ ಬೆಲೆ ಸಾಮಾನ್ಯವಾಗಿ ನಮ್ಮದೇ.

ಲೆಕ್ಕ ಹೀಗಿದೆ

ವರ್ಷದ ಕಂತು ಕಂಪೆನಿಯಿಂದ ಕಂಪೆನಿಗೆ ಬೇರೆ. ಉದಾಹರಣೆಗೆ 450 ರೂ. ಎಂದಿಟ್ಟುಕೊಂಡರೆ ಶೇ. 18 ಜಿಎಸ್‌ಟಿ 81 ರೂ. ಸೇರಿ 531 ಆಯಿತು. ಹತ್ತು ವರ್ಷಕ್ಕೆ 5,310 ರೂ. ಡೊಂಬಿವಲಿಯ ಸಂಸಾರ ಒಂದೇ ರಾತ್ರಿ ಕ್ರೇನ್‌ಗೆ ಕೊಟ್ಟದ್ದು ಇದಕ್ಕಿಂತ ಹೆಚ್ಚು. ಅಂದರೆ ಹತ್ತು ವರ್ಷದಲ್ಲಿ ಒಮ್ಮೆ ಊರ ದಾರಿಯಲ್ಲಿ ಕಾರು ನಿಂತರೂ ಕಟ್ಟಿದ ಹಣ ವಸೂಲಾಗಬಹುದು.

ಹಾಗೆಂದು ಇದು ಎಲ್ಲರಿಗೂ ಬೇಕೆಂದಲ್ಲ. ಕಾರನ್ನು ಮನೆಯಿಂದ ಸ್ಟೇಷನ್, ಮಾರ್ಕೆಟ್‌ಗಷ್ಟೇ ಓಡಿಸುವವರಿಗೆ ಪರಿಚಯದ ಮೆಕ್ಯಾನಿಕ್‌ನ ನಂಬರ್ ಸಾಕು. ಹೊಸ ಕಾರಿಗೆ ವಾರಂಟಿಯ ಜೊತೆ ತಯಾರಕ ಕಂಪೆನಿಯೇ ಈ ಸೌಲಭ್ಯವನ್ನು ಕೊಟ್ಟಿರುವುದುಂಟು. ಅಂಥವರು ವಿಮೆಯಲ್ಲೂ ಅದನ್ನೇ ಕೊಂಡರೆ ಒಂದೇ ಸೇವೆಗೆ ಎರಡು ಸಲ ಹಣ ಕಟ್ಟಿದಂತೆ. ಕಾರು ಕೊಂಡಾಗ ಸಿಕ್ಕಿದ ಪುಸ್ತಕವನ್ನು ಮೊದಲು ತೆಗೆದು ನೋಡುವುದು ಒಳ್ಳೆಯದು.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ಐದು. ಎಷ್ಟು ಕಿಲೋಮೀಟರ್ ತನಕ ಉಚಿತವಾಗಿ ಎಳೆದೊಯ್ಯುತ್ತಾರೆ? ವರ್ಷಕ್ಕೆ ಎಷ್ಟು ಸಲ? ನಮ್ಮ ಕಾರಿನ ವಯಸ್ಸಿಗೆ ಸಿಗುತ್ತದೆಯೇ? ಮಹಾರಾಷ್ಟ್ರದಿಂದ ಹೊರಗೆ, ಊರ ದಾರಿಯುದ್ದಕ್ಕೂ ಸೇವೆ ಇದೆಯೇ? ಆಟೋಮ್ಯಾಟಿಕ್ ಅಥವಾ ವಿದ್ಯುತ್ ಕಾರಾದರೆ ನಾಲ್ಕೂ ಚಕ್ರ ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಗಾಡಿ ಕಳುಹಿಸುತ್ತಾರೆಯೇ? ಇಂತಹ ಕಾರುಗಳನ್ನು ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಗೇರ್‌ಬಾಕ್ಸ್ ಅಥವಾ ಮೋಟರ್ ಕೆಡುವ ಅಪಾಯವಿದೆ. ಮೊದಲ ಪ್ರಶ್ನೆಯಂತೂ ನಮ್ಮವರಿಗೆ ತೀರಾ ಮುಖ್ಯ. ಯಲ್ಲಾಪುರದಿಂದ ಹುಬ್ಬಳ್ಳಿಗೇ ಸುಮಾರು 70 ಕಿ.ಮೀ. ಇದೆ. ಮಿತಿ 25 ಕಿ.ಮೀ. ಎಂದಿದ್ದರೆ ಉಳಿದ ದಾರಿಯ ಬಾಡಿಗೆ ನಮ್ಮ ಕಿಸೆಯಿಂದಲೇ.

ಮಳೆಗಾಲದ ವಿಷಯವೂ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು ಸಾವಿರಾರು ವಾಹನಗಳು ಮುಳುಗಿದ್ದನ್ನು ಮುಂಬಯಿಗರು ಮರೆತಿಲ್ಲ. ನೀರಿನಲ್ಲಿ ನಿಂತ ಕಾರನ್ನು ಎಳೆದೊಯ್ಯುವ ನೆರವು ಬೇರೆ, ನೀರು ಹೊಕ್ಕ ಎಂಜಿನ್‌ನ ರಿಪೇರಿ ಬೇರೆ. ಎರಡನೆಯದಕ್ಕೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಪ್ರತ್ಯೇಕ ರಕ್ಷಣೆ ಇದೆ.

ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆ, ಕರೆ ಉಚಿತ. ಟೋಲ್ ರಸ್ತೆಗಳಲ್ಲಿ ಗಸ್ತು ವಾಹನ, ಆಂಬ್ಯುಲೆನ್ಸ್, ಕ್ರೇನ್ ಇರುತ್ತವೆ. ಆದರೆ ಆ ಕ್ರೇನ್ ಮುಖ್ಯವಾಗಿ ರಸ್ತೆ ತೆರವು ಮಾಡಲು. ನಮಗೆ ಬೇಕಾದ ಊರಿನ ಗ್ಯಾರೇಜಿನ ತನಕ ಬರುತ್ತದೆಂದು ನಂಬಿ ಕೂರುವಂತಿಲ್ಲ.

ಹಣ ಕಟ್ಟಿದರೂ ಜಾಗ್ರತೆ ಬೇಕು

2025ರ ಫೆಬ್ರವರಿಯಲ್ಲಿ ಡೊಂಬಿವಲಿಯ ಮನೆಗೆ ಏಜೆಂಟರು ಮತ್ತೆ ಬಂದಾಗ ಗಂಡ ಏನೂ ಕೇಳದೆ “ಸೇರಿಸಿ” ಎಂದರು. ತಡೆದವರು ಹೆಂಡತಿ. ಷರತ್ತುಗಳನ್ನು ಓದಿ, ಅವರು ಕೇಳಿದ ಪ್ರಶ್ನೆ ಒಂದೇ: “ಆ ದಿನ ಇದು ಇದ್ದಿದ್ದರೂ ಘಾಟಿಯಿಂದ ಫೋನ್ ಹೋಗುತ್ತಿತ್ತಾ?”

ಹೋಗುತ್ತಿರಲಿಲ್ಲ. 8,500ರಲ್ಲಿ ಉಳಿಯುತ್ತಿದ್ದದ್ದು ಕ್ರೇನಿನ ಹಣ, ಅದೂ ಸುದ್ದಿ ಮುಟ್ಟಿಸಿದ ಮೇಲೆ. ಕೊನೆಗೆ ಅವರು ಹೆಚ್ಚು ಕಿಲೋಮೀಟರಿನ ಪ್ಲಾನ್ ತೆಗೆದುಕೊಂಡರು. ಅದರ ಜೊತೆಗೆ, ಹೊರಡುವ ವಾರ ಮೊದಲು ಬೆಲ್ಟ್, ಬ್ಯಾಟರಿ, ಟಯರ್, ಸ್ಟೆಪ್ನಿ ತೋರಿಸಬೇಕು, ಹುಬ್ಬಳ್ಳಿಯಲ್ಲಿ ತಂಗಿ ಹಗಲಿನಲ್ಲೇ ಘಾಟಿ ಇಳಿಯಬೇಕು, ಸಹಾಯದ ನಂಬರ್‌ಗಳನ್ನು ಕಾಗದದಲ್ಲಿ ಬರೆದಿಡಬೇಕು ಎಂದೂ ನಿಶ್ಚಯಿಸಿದರು. ಕಾರು ನಿಂತರೆ ಹಿಂದೆ ತ್ರಿಕೋನ ಫಲಕ ಇಟ್ಟು, ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲುವ ಪಾಠವನ್ನು ಮಗಳಿಗೂ ಹೇಳಿಕೊಟ್ಟರು.

ಅಮ್ಮನಿಗೆ ಮಾತ್ರ ಈ ಲೆಕ್ಕ ಯಾವುದೂ ಒಪ್ಪಿಗೆಯಾಗಲಿಲ್ಲ. “ನೀವು ಕಾರಿನಲ್ಲಿ ಬನ್ನಿ, ನನಗೆ ಮತ್ಸ್ಯಗಂಧದಲ್ಲಿ ಲೋವರ್ ಬರ್ತ್ ಮಾಡಿಸಿ” ಎಂದರು. ಆ ವರ್ಷದ ನೇಮಕ್ಕೆ ಎಲ್ಲರಿಗಿಂತ ಮೊದಲು ಮನೆ ತಲುಪಿದವರು ಅವರೇ. ಕಾರಿನವರೂ ಮರುದಿನ ಬೆಳಕಿರುವಾಗಲೇ ಅಂಗಳಕ್ಕೆ ಬಂದರು. ಕಟ್ಟಿದ ಕಂತು ಆ ವರ್ಷ ಉಪಯೋಗಕ್ಕೆ ಬರಲಿಲ್ಲ, ಅದಕ್ಕಾಗಿ ಮನೆಯಲ್ಲಿ ಯಾರೂ ಬೇಸರಪಡಲಿಲ್ಲ.