ಮೂರು ಬಗೆಯ ಹೂವು, ಹೊರಟದ್ದು ಒಂದೇ

ಬೆಂಗಳೂರು: ಹಲಸೂರಿನಿಂದ ಕೆ.ಆರ್.ಪುರದವರೆಗೆ ಕೆರೆಗಳನ್ನು ಕಾಡುವ ವಾಟರ್ ಹಯಸಿಂತ್ ಕಳೆಯ ನಸುನೇರಳೆ ಹೂವಿನಲ್ಲಿ ಆರು ಕೇಸರಗಳಿವೆ. ತವರಾದ ದಕ್ಷಿಣ ಅಮೆರಿಕದಲ್ಲಿ ಈ ಗಿಡದ್ದು ಮೂರು ಬಗೆ: ಶಲಾಕೆ ಉದ್ದ, ಮಧ್ಯಮ, ಗಿಡ್ಡ. ಒಂದು ಬಗೆಯ ಶಲಾಕಾಗ್ರದ ಎತ್ತರಕ್ಕೆ ಉಳಿದವುಗಳ ಪರಾಗಕೋಶ ಸರಿಹೊಂದುತ್ತದೆ. ಆದ್ದರಿಂದ ದುಂಬಿಯ ಮೈಗಂಟಿದ ಪರಾಗ ಬೇರೆ ಬಗೆಯ ಗಿಡವನ್ನೇ ತಲುಪುವ ಸಂಭವ ಹೆಚ್ಚು.

ಅಲಂಕಾರಕ್ಕೆಂದು ಹೊರದೇಶಗಳಿಗೆ ಹರಡಿದ್ದು ಮಾತ್ರ ಬಹುಪಾಲು ಮಧ್ಯಮ ಶಲಾಕೆಯ ಗಿಡ. ಜೋಡಿ ಸಿಗದಿದ್ದರೂ ಅದು ಸೋಲಲಿಲ್ಲ. ಸ್ವಪರಾಗದಿಂದಲೂ ಬೀಜ ಕಟ್ಟಬಲ್ಲದು; ಅದಕ್ಕಿಂತ ಹೆಚ್ಚಾಗಿ, ನೀರಿನಲ್ಲಿ ಚಾಚುವ ಕವಲುಗಳ ತುದಿಯಲ್ಲಿ ತನ್ನದೇ ಪಡಿಯಚ್ಚಿನಂಥ ಮರಿಗಿಡಗಳನ್ನು ಬಿಡುತ್ತದೆ. ಇಡೀ ಕೆರೆಯ ಹಸಿರು ಹಾಸು ಬಹುಶಃ ಕೆಲವೇ ಗಿಡಗಳ ಸಂತಾನ. ಯಂತ್ರದಿಂದ ಕಳೆ ತೆಗೆದ ಮೇಲೂ ನೀರಿನಲ್ಲಿ ಉಳಿದ ತುಂಡುಗಳು ಚಿಗುರುತ್ತವೆ, ಕೆಸರಿನಲ್ಲಿ ಬೀಜಗಳು ವರ್ಷಗಟ್ಟಲೆ ಕಾಯುತ್ತವೆ.