ಮನಸ್ಸಿನ ಗಾಯ ಮಾಯುವ ಬಗೆ

ಅಪಘಾತದಲ್ಲಿ ಬದುಕುಳಿದವರಿಗೆ, ಮನೆಯಲ್ಲೇ ಹೊಡೆತ ತಿಂದವರಿಗೆ, ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ನಮ್ಮಲ್ಲಿ ಸಿಗುವ ಮೊದಲ ಬುದ್ಧಿಮಾತು ಒಂದೇ: ‘ಆದದ್ದು ಆಯಿತು, ಅದನ್ನೇ ನೆನೆಸಿಕೊಂಡು ಕೂರಬೇಡ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕಳೆದ ನಾಲ್ಕು ದಶಕಗಳ ಸಂಶೋಧನೆ ಬೇರೆಯದನ್ನೇ ಹೇಳುತ್ತಿದೆ. ನೆನಪಿನಿಂದ ಓಡಿದಷ್ಟೂ ಆಘಾತ ಬೇರು ಬಿಡುತ್ತದೆ.

ಭೀಕರ ಘಟನೆಯ ನಂತರ ಕೆಲವು ದಿನ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಸಹಜ. ಮನೆಯವರ, ಗೆಳೆಯರ ಆಸರೆಯಲ್ಲಿ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಕೆಟ್ಟ ಕನಸುಗಳು ಬಿಡದಿದ್ದರೆ, ಘಟನೆ ಮತ್ತೆ ಕಣ್ಣೆದುರೇ ನಡೆದಂತಾದರೆ, ಆ ಜಾಗ, ಆ ಮಾತು, ಆ ಜನ ಯಾವುದೂ ಬೇಡವೆನಿಸಿದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಆಗಿರಬಹುದು. ಅಮೆರಿಕದ ಮನೋವೈದ್ಯರ ಸಂಘ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ.

ಹೀಗೇಕಾಗುತ್ತದೆ? ಅಪಾಯ ಕಂಡೊಡನೆ ಮಿದುಳಿನ ಅಮಿಗ್ಡಲ ಎಂಬ ಭಾಗ ಇಡೀ ದೇಹವನ್ನು ಎಚ್ಚರಿಸುತ್ತದೆ. ನಡೆದದ್ದು ಎಲ್ಲಿ, ಯಾವಾಗ ಎಂದು ಜೋಡಿಸಿಡುವ ಕೆಲಸದಲ್ಲಿ ಹಿಪ್ಪೊಕ್ಯಾಂಪಸ್‌ನದು ದೊಡ್ಡ ಪಾಲು. ಭಯ ಮಿತಿಮೀರಿದಾಗ ಈ ಜೋಡಣೆ ಹದಗೆಡುತ್ತದೆ. ತಾರೀಖಿನ ಮೊಹರು ಬೀಳದ ಕಾಗದದಂತೆ ಆ ನೆನಪು ಎಂದಿನದೆಂದು ಮಿದುಳಿಗೆ ತಿಳಿಯದೆ, ಹತ್ತು ವರ್ಷದ ಹಿಂದಿನದೂ ಈ ಗಳಿಗೆಯದೇ ಆಗಿ ಕಾಡುತ್ತದೆ. ಅದನ್ನು ತಪ್ಪಿಸಿಕೊಂಡು ತಿರುಗುವವರಿಗೆ, ಅಪಾಯ ಮುಗಿದಿದೆ ಎಂದು ಕಲಿಯುವ ಅವಕಾಶವೇ ಸಿಗುವುದಿಲ್ಲ.

ಆ ಅವಕಾಶ ಒದಗಿಸುವುದೇ ಚಿಕಿತ್ಸೆಯ ಕೆಲಸ. ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ ವಿಧಾನದಲ್ಲಿ ರೋಗಿ ಸುರಕ್ಷಿತವಾದ ಕೋಣೆಯಲ್ಲಿ, ನುರಿತ ಚಿಕಿತ್ಸಕರ ಜೊತೆ ಕೂತು, ನಡೆದದ್ದನ್ನು ಮತ್ತೆ ಮತ್ತೆ ಹೇಳುತ್ತಾರೆ. ಹೇಳುತ್ತಾ ಹೋದಂತೆ ಭಯದ ಕಾವು ಇಳಿಯುತ್ತದೆ. ಇನ್ನೊಬ್ಬ ಮನೋವಿಜ್ಞಾನಿ ಪೆಟ್ರೀಷಿಯಾ ರೆಸಿಕ್ ಅವರ ವಿಧಾನ ಹಿಡಿಯುವುದು ‘ತಪ್ಪು ನನ್ನದೇ’, ‘ಯಾರನ್ನೂ ನಂಬಬಾರದು’ ಎಂಬಂಥ ಗಟ್ಟಿಯಾಗಿ ಕೂತ ನಂಬಿಕೆಗಳನ್ನು. ಸಾಮಾನ್ಯವಾಗಿ 12 ಭೇಟಿಗಳಲ್ಲಿ ಅವನ್ನು ಒಂದೊಂದಾಗಿ ಒರೆಗೆ ಹಚ್ಚಲಾಗುತ್ತದೆ. ಫ್ರಾನ್ಸಿನ್ ಶಪೀರೋ 1989ರಲ್ಲಿ ಪ್ರಕಟಿಸಿದ ಇಎಂಡಿಆರ್ ಎಂಬ ಚಿಕಿತ್ಸೆಯಲ್ಲಿ ರೋಗಿ ಕಹಿ ನೆನಪನ್ನು ಮನಸ್ಸಿಗೆ ತಂದುಕೊಂಡು, ಚಿಕಿತ್ಸಕರ ಬೆರಳು ಅತ್ತಿತ್ತ ಆಡಿದಂತೆ ಕಣ್ಣು ಆಡಿಸುತ್ತಾರೆ. ಕಣ್ಣಿನ ಚಲನೆಯ ಪಾತ್ರವೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯಿದೆ. ಆದರೆ ಚಿಕಿತ್ಸೆಯಿಂದ ಉಪಯೋಗವಿದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಆಘಾತವನ್ನೇ ಗುರಿಯಾಗಿಸಿದ ಮಾತಿನ ಚಿಕಿತ್ಸೆಯನ್ನೂ ಇಎಂಡಿಆರ್ ಅನ್ನೂ ಶಿಫಾರಸು ಮಾಡಿದೆ. ಘಟನೆಯಾದ ಮೊದಲ ತಿಂಗಳಲ್ಲಿ ಒತ್ತಡ ತಗ್ಗಿಸಲೆಂದು ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆ ಕೊಡಬಾರದೆಂದೂ ಅದು ಎಚ್ಚರಿಸಿದೆ. ಘಟನೆಯಾದ ಕೂಡಲೇ ಒತ್ತಾಯ ಮಾಡಿ ಬಾಯಿ ಬಿಡಿಸುವುದರಿಂದಲೂ ಪ್ರಯೋಜನವಿಲ್ಲ.

ನೆನಪಿಗೆ ಮುಖ ಕೊಡುವ ಮೊದಲು ಕಾಲೂರಲು ನೆಲ ಬೇಕು. ಚೇತರಿಕೆಯ ಮೂರು ಹಂತಗಳನ್ನು 1992ರಲ್ಲಿ ವಿವರಿಸಿದ ಮನೋವೈದ್ಯೆ ಜೂಡಿತ್ ಹರ್ಮನ್ ಸುರಕ್ಷತೆಯನ್ನು ಮೊದಲಿಗಿಟ್ಟರು. ನೆನೆದು ದುಃಖಿಸುವುದು ಎರಡನೆಯದು, ಮತ್ತೆ ಬದುಕಿಗೆ ಮರಳುವುದು ಮೂರನೆಯದು. ಮೈಸೂರಿನಲ್ಲಿ ಇದಕ್ಕೆ ಕಣ್ಣೆದುರಿನ ಉದಾಹರಣೆ ಒಡನಾಡಿ ಸೇವಾ ಸಂಸ್ಥೆ. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ಈ ಸಂಸ್ಥೆ, ಮಾನವ ಸಾಗಣೆಗೆ ಸಿಕ್ಕಿದ ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ಬಿಡಿಸಿ ತಂದು ಆಶ್ರಯ ಕೊಟ್ಟು, ಹೊಸ ಬದುಕಿಗೆ ಅಣಿಗೊಳಿಸುತ್ತಾ ಬಂದಿದೆ. ಬಾಗಿಲು ಭದ್ರವಾಗಿದೆ, ಹೊತ್ತಿಗೆ ಊಟವಿದೆ, ಹೊಡೆಯುವವರಿಲ್ಲ ಎಂಬ ಭರವಸೆ ಮೂಡದೆ ಯಾವ ಚಿಕಿತ್ಸೆಯೂ ನಾಟುವುದಿಲ್ಲ.

ಮೈಸೂರು ಯೋಗದ ಊರೂ ಹೌದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಯೋಗದ ಮಾತು ಇಲ್ಲೇಕೆಂದರೆ, ಆಘಾತ ದೇಹದಲ್ಲೂ ಉಳಿಯುತ್ತದೆ: ಬಿಗಿದ ಭುಜ, ಮೇಲುಸಿರು, ತನ್ನ ಮೈಯೇ ತನ್ನದಲ್ಲವೆನಿಸುವ ಭಾವ. ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ ಮಹಿಳೆಯರಿಗೆ ಯೋಗದಿಂದ ಉಪಶಮನ ಸಿಕ್ಕಿತ್ತು. ಆದರೂ ಯೋಗ ಚಿಕಿತ್ಸೆಗೆ ಜೊತೆಯಾಗಬೇಕೇ ಹೊರತು ಅದರ ಜಾಗ ಹಿಡಿಯಬಾರದು. ಕಲಿಸುವವರು ಅನುಮತಿ ಕೇಳದೆ ಮೈಮುಟ್ಟಿ ಭಂಗಿ ತಿದ್ದಿದರೆ, ದೌರ್ಜನ್ಯಕ್ಕೆ ಒಳಗಾದವರಿಗೆ ಹಳೆಯ ಭಯವೇ ಮರುಕಳಿಸಬಹುದು.

ಈ ಊರಿಗೆ ಮನೋವಿಜ್ಞಾನ ಹೊಸದಲ್ಲ. 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಮನೋವಿಜ್ಞಾನ ವಿಭಾಗಕ್ಕೆ ಅಡಿಪಾಯ ಹಾಕಿದ್ದರು. ಇಂದು ಕೆ.ಆರ್. ಆಸ್ಪತ್ರೆಯಲ್ಲೂ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗಗಳಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂಥ ನೋವು ಹೊತ್ತವರಿದ್ದರೆ ‘ಮರೆತುಬಿಡು’ ಎನ್ನಬೇಡಿ. ಅವರು ಹೇಳಿದಾಗ ನಂಬಿ, ಹೇಳದಿದ್ದಾಗ ಕೆದಕಬೇಡಿ, ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಹೋಗಿ. ಮನಸ್ಸಿನ ಗಾಯಕ್ಕೆ ಮದ್ದಿದೆ. ಎಷ್ಟೇ ವರ್ಷ ಕಳೆದಿದ್ದರೂ ಚಿಕಿತ್ಸೆಗೆ ಹೊತ್ತು ಮೀರಿರುವುದಿಲ್ಲ.