ಅಂಗೈಯಗಲದ ರೇಸು ಕಾರು

ಚಳ್ಳಕೆರೆಯ ನನ್ನ ಮನೆಗೆ ಬಂದವರು ಪುಸ್ತಕದ ಬೀರುವಿನ ಮುಂದೆ ನಿಂತು ನಗದೆ ಹಿಂದಿರುಗಿದ್ದು ಅಪರೂಪ. ಪಂಪ, ರನ್ನ, ಕುಮಾರವ್ಯಾಸರಿಗೆ ಅಡ್ಡವಾಗಿ ಅಲ್ಲಿ ಮೂವತ್ತೆರಡು ಪುಟ್ಟ ರೇಸು ಕಾರುಗಳು ಸಾಲುಗಟ್ಟಿ ನಿಂತಿವೆ. “ಮಕ್ಕಳವೇ?” ಎಂದು ಕೇಳುತ್ತಾರೆ. ನನ್ನವೇ ಎಂದರೆ ನಂಬುವುದಿಲ್ಲ. ನಾಯಕನಹಟ್ಟಿಯ ತೇರನ್ನು ನೋಡುತ್ತ ಬೆಳೆದವನಿಗೆ ಗಾಲಿಯ ಮೋಹ ಸಹಜವೆಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಆ ತೇರಿಗೆ ಅವಸರವೆಂಬುದಿಲ್ಲ, ಇವುಗಳಿಗೆ ಅವಸರವೇ ಪ್ರಾಣ.

ಇವು ತಗಡಿನ ಆಟಿಕೆಗಳಲ್ಲ. ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸಿ ಎರಕ ಹೊಯ್ದವು. ಲಿವರ್‌ಪೂಲಿನ ಮೆಕ್ಯಾನೋ ಕಂಪನಿಯ ಇಂಥ ಆಟಿಕೆಗಳು ‘ಡಿಂಕಿ ಟಾಯ್ಸ್’ ಎಂಬ ಹೆಸರು ಪಡೆದುದು 1934ರಲ್ಲಿ. ಯುದ್ಧಪೂರ್ವದವು ಸಿಕ್ಕರೆ ಸಂಗ್ರಾಹಕನಿಗೆ ಹಿಗ್ಗೂ ಉಂಟು, ಅಳುಕೂ ಉಂಟು. ಸತುವಿನಲ್ಲಿ ಸೀಸದ ಕಲ್ಮಷವಿದ್ದರೆ ಲೋಹ ಒಳಗಿನಿಂದಲೇ ಬಿರಿದು ಪುಡಿಯಾಗುತ್ತದೆ. ಗೆದ್ದಲು ಹತ್ತಿದ ಓಲೆಗರಿಗಾದರೂ ಔಷಧಿಯುಂಟು, ಇದಕ್ಕಿಲ್ಲ.

ಬೆಲೆ ಕಟ್ಟುವಾಗ ಮೊದಲು ಮಾಡಬೇಕಾದುದು ಕಾರನ್ನು ಮಗುಚುವುದು. ಮೈಯ ಬಣ್ಣ ಸುಳ್ಳಾಡೀತು. ಬುಡದ ಅಕ್ಷರ ಸಾಮಾನ್ಯವಾಗಿ ಸುಳ್ಳಾಡದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಉಳಿದುದೆಲ್ಲ ಬ್ರಾಹ್ಮಿಯಾದರೆ, ಅವನ ಕಸುಬನ್ನು ಹೇಳುವ ಆ ಒಂದು ಪದ ಮಾತ್ರ ಖರೋಷ್ಠಿ. ಅವನಿಗೂ ವಾಯವ್ಯ ಸೀಮೆಗೂ ಇದ್ದ ನಂಟನ್ನು ವಿದ್ವಾಂಸರು ಊಹಿಸಿದುದು ಅದರಿಂದಲೇ. ಬಣ್ಣದ ವಿಷಯವೂ ಹೀಗೆಯೇ. ಮೂಲ ಬಣ್ಣ ಅಲ್ಲಲ್ಲಿ ಉದುರಿದ ಕಾರಿಗೆ ಮರ್ಯಾದೆಯುಂಟು; ಹೊಸದಾಗಿ ಬಳಿದು ಮಿರುಗಿಸಿದುದಕ್ಕಿಲ್ಲ. ಲಿಪಿಕಾರನ ಜಾಣ ತಿದ್ದುಪಡಿಗಿಂತ ಅವನ ಪೆದ್ದು ತಪ್ಪೇ ಗ್ರಂಥ ಸಂಪಾದಕನಿಗೆ ಹೆಚ್ಚು ನೆರವಾಗುತ್ತದೆಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕಳೆದ ಮಾಗಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ, ಮೊಳಕಾಲ್ಮೂರಿನ ನೇಕಾರರ ಮನೆಯವನು, ರೇಷ್ಮೆಯ ತುಂಡೊಂದರಲ್ಲಿ ಸುತ್ತಿದ ಕಾರನ್ನು ತಂದ. ಅಜ್ಜ ಸೈನ್ಯದಲ್ಲಿದ್ದಾಗ ಕಲ್ಕತ್ತೆಯಿಂದ ತಂದುದಂತೆ.

“ಪರೀಕ್ಷೆ ಫೀಸು ಕಟ್ಟಬೇಕು ಸಾರ್. ಇನ್ನೂರು ಬಂದ್ರೂ ಸಾಕು” ಎಂದ.

ಮಗುಚಿದೆ. ವ್ಯಾನ್‌ವಾಲ್! 1957ರಲ್ಲಿ ಲಿವರ್‌ಪೂಲಿನ ಅಂಚಿನ ಏನ್‌ಟ್ರೀಯಲ್ಲಿ ಟೋನಿ ಬ್ರೂಕ್ಸ್ ಮತ್ತು ಸ್ಟರ್ಲಿಂಗ್ ಮಾಸ್ ಒಂದೇ ಕಾರನ್ನು ಸರದಿಯಲ್ಲಿ ಓಡಿಸಿ ಗೆದ್ದರು. ಬ್ರಿಟಿಷ್ ಕಾರೊಂದು ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರ್ಯಾಂಡ್ ಪ್ರಿ ಗೆದ್ದುದು ಅದೇ ಮೊದಲು. ಆ ಹಸಿರು ಕಾರನ್ನೇ ಅದೇ ಊರಿನ ಡಿಂಕಿಯವರು ಅಂಗೈಗೆ ಇಳಿಸಿದರು. ಆದರೆ ನನ್ನ ಕೈಯಲ್ಲಿದ್ದುದರ ಬುಡದಲ್ಲಿ ‘ಡಿಂಕಿ’ ಇರಬೇಕಾದೆಡೆ ‘ನಿಕಿ’ ಎಂದಿತ್ತು. ಡಿಂಕಿಯ ಹಳೆಯ ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತೆಗೆ ಬಂದು, ಹೆಸರಿನ ಒಂದೆರಡು ಅಕ್ಷರ ಬದಲಿಸಿಕೊಂಡು ಮತ್ತೆ ಕಾರುಗಳನ್ನು ಹೆತ್ತವು. ಅಚ್ಚು ಸವೆದಿದ್ದರಿಂದ ಅಂಚುಗಳು ಮೊಂಡು, ಬಣ್ಣ ದಪ್ಪ. ಇವನ್ನು ಕೀಳು ನಕಲೆನ್ನುವವರಿದ್ದಾರೆ. ನನಗೆ ಇದು ಪಾಠಾಂತರ; ನಮ್ಮ ನಾಡಿನ ಕೈ ತಾಗಿದ ಪಾಠಾಂತರ.

ಎಡಮೈಯಲ್ಲಿ ಮಾತ್ರ ಬಣ್ಣವೇ ಇರಲಿಲ್ಲ. ಮೇಷ್ಟರ ಮನೆಗೆ ಹೋಗುವ ವಸ್ತುವೆಂದು ಅವನ ತಾಯಿ ಹಿತ್ತಾಳೆ ಚೆಂಬನ್ನು ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಹೊತ್ತಾಯಿತೆಂದು ಮಗ ಅವಸರಿಸಿದ್ದರಿಂದ ಬಲಮೈ ಉಳಿದಿತ್ತು.

ಇನ್ನೂರು ರೂಪಾಯಿ ನನ್ನ ಜೇಬಿನಲ್ಲಿತ್ತು. ಬೀರುವಿನಲ್ಲಿರುವ ಜಾಗ್ವಾರನ್ನು ಗುಜರಿಯಂಗಡಿಯಿಂದ ಇಪ್ಪತ್ತು ರೂಪಾಯಿಗೆ ತಂದವನು ನಾನು. ಬೆಲೆ ಗೊತ್ತಿದ್ದೂ ಅಂದು ತುಟಿ ಬಿಚ್ಚಿರಲಿಲ್ಲ, ಅದನ್ನು ಜಾಣತನವೆಂದೇ ಎಣಿಸಿದ್ದೆ. ಈ ಹುಡುಗನ ಮುಂದೆ ಆ ಜಾಣತನ ಗಂಟಲಲ್ಲಿ ಸಿಕ್ಕಿಕೊಂಡಿತು. “ಬಣ್ಣ ಪೂರ್ತಿ ಇದ್ದಿದ್ದರೆ ಸಾವಿರಗಳ ಮಾತು. ಈಗಲೂ ಇನ್ನೂರರ ಮಾತಲ್ಲ” ಎಂದೆ.

ಅವನು ಬಹಳ ಹೊತ್ತು ಎಡಮೈಯನ್ನೇ ನೋಡುತ್ತಿದ್ದ. “ಅಮ್ಮಂಗೆ ಗೊತ್ತಾಗೋದು ಬ್ಯಾಡ ಸಾರ್” ಎಂದ.

ಶುಲ್ಕದ ಹಣವನ್ನು ಕೈಗಡವಾಗಿ ಕೊಟ್ಟೆ. ಕಾರನ್ನು ಒತ್ತೆಯಿಟ್ಟುಕೊಳ್ಳುವ ಆಸೆಯನ್ನು ಅಡಗಿಸುವುದು ಸುಲಭವಾಗಿರಲಿಲ್ಲವೆಂದು ಓದುಗರಲ್ಲಿ ಒಪ್ಪಿಕೊಳ್ಳುತ್ತೇನೆ.

ಯುಗಾದಿ ಕಳೆದ ಮೇಲೆ ಮೊಳಕಾಲ್ಮೂರಿಗೆ ಹೋದಾಗ ಅವರ ಮನೆಗೂ ಹೋಗಿದ್ದೆ. ಒಳಗೆ ಮಗ್ಗ ಸದ್ದು ಮಾಡುತ್ತಿತ್ತು. ಆ ತಾಯಿ ಕಾಫಿಯ ಜತೆಗೆ ಕಾರನ್ನೂ ತಂದು ನನ್ನ ಮುಂದಿಟ್ಟರು. ಬಲಮೈಯೂ ಬೆಳ್ಳಿಯಂತೆ ಹೊಳೆಯುತ್ತಿತ್ತು.

“ಅವತ್ತು ಅರ್ಧಕ್ಕೇ ಬಿಟ್ಟಿದ್ದೆ. ಈಗ ಚೆನ್ನಾಗೈತಲ್ಲಾ ಮೇಷ್ಟ್ರೇ?” ಎಂದರು.

ಹುಡುಗ ಬಾಗಿಲ ಮರೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

“ಚೆನ್ನಾಗಿದೆ, ತಾಯಿ” ಎಂದೆ.